ವೃಂದಗಾನದೊಳಗಿನ ಏಕಾಂತ: ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’

ಜನಪ್ರಿಯ ಸಂಗೀತದ ಗಾಯನ ತಂಡವೊಂದರ ಏಳಿಗೆಯನ್ನೂ ಅದರ ಸೃಜನಶೀಲ ಬೆಳವಣಿಗೆಯನ್ನೂ ಒಂದೇ ಎಂದು ಭಾವಿಸುವುದು ವಾಡಿಕೆಯಾಗಿದೆ. ಮಾರಾಟ ಏರಿದಂತೆ ಕಲೆಯೂ ಏರಿತೆಂದು ಪ್ರಚಾರ ಸಾಹಿತ್ಯ ಹೇಳುತ್ತದೆ. ಮಾರುಕಟ್ಟೆ ಕೈಬಿಟ್ಟಾಗಲೇ ನಿಜವಾದ ಕಲೆ ಹುಟ್ಟಿತೆಂದು ಅದಕ್ಕೆ ವಿರುದ್ಧವಾದ ಬರಹಗಳು ಸಾರುತ್ತವೆ. ಕೃತಿಯನ್ನು ಕೇಳುವ ಮೊದಲೇ ತೀರ್ಪು ಕೊಟ್ಟುಬಿಡುವುದು ಈ ಎರಡೂ ನಿಲುವುಗಳ ದೋಷ. ಅಮೆರಿಕದ ಕ್ಯಾಲಿಫೋರ್ನಿಯಾದ ಬೀಚ್ ಬಾಯ್ಸ್ ತಂಡವು 1966ರ ಮೇ 16ರಂದು ಹೊರತಂದ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ಬಗೆಗೆ ಬಂದಿರುವ ಅಪಾರ ಬರವಣಿಗೆಯಲ್ಲಿ ಈ ದೋಷ ಎದ್ದುಕಾಣುತ್ತದೆ. ಆ ಬರವಣಿಗೆಯ ಹೆಚ್ಚಿನ ಭಾಗ ಅದನ್ನು ಬ್ರಯಾನ್ ವಿಲ್ಸನ್ ಎಂಬ ಏಕಾಂಗಿ ಪ್ರತಿಭೆಯ ಕೃತಿಯೆಂದು ಪರಿಗಣಿಸುತ್ತದೆ. ತಂಡದ ಉಳಿದವರು ಅಲ್ಲಿ ಆ ಪ್ರತಿಭೆಗೆ ಅಡ್ಡಿಯಾದವರು ಅಥವಾ ಕೇವಲ ಉಪಕರಣಗಳು. ಈ ಗ್ರಹಿಕೆ ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು ಕೃತಿಯ ನಾದವನ್ನೇ ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೃಂದವೆಂಬ ಪರಿಕಲ್ಪನೆ

ಈ ಪರಿಶೀಲನೆಗೆ ಭಾರತೀಯ ಸಂಗೀತಶಾಸ್ತ್ರದ ಒಂದು ಪರಿಕಲ್ಪನೆ ನೆರವಾಗಬಲ್ಲದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕ ವಾದಕರ ಸಮೂಹವನ್ನು ವೃಂದವೆಂದು ಕರೆದು ಅದಕ್ಕೆ ಆರು ಗುಣಗಳನ್ನು ಹೇಳಿದ್ದಾನೆ. ಮುಖ್ಯ ಗಾಯಕನನ್ನು ಅನುಸರಿಸುವುದು, ಪರಸ್ಪರ ಬೆರೆಯುವುದು, ತಾಳಲಯಗಳಿಗೆ ಬದ್ಧರಾಗಿರುವುದು, ಒಬ್ಬರ ಗಾಯನ ಕಡಿದಲ್ಲಿ ಇನ್ನೊಬ್ಬರು ಅದನ್ನು ತುಂಬಿಕೊಡುವುದು, ಮೂರು ಸ್ಥಾಯಿಗಳಲ್ಲಿಯೂ ಸಂಚರಿಸುವ ಶಕ್ತಿ ಮತ್ತು ಕಂಠಗಳ ಸಾದೃಶ್ಯ ಇವೇ ಆ ಆರು. ಶಾಸ್ತ್ರಕಾರನ ಕಣ್ಣಮುಂದಿದ್ದ ಸಂಗೀತವೇ ಬೇರೆ, ಇಲ್ಲಿ ಚರ್ಚಿಸುತ್ತಿರುವ ಸಂಗೀತವೇ ಬೇರೆ. ಏಕಕಾಲದಲ್ಲಿ ಭಿನ್ನ ಸ್ವರಗಳನ್ನು ಹಾಡಿ ಸ್ವರಗುಚ್ಛವನ್ನು ನಿರ್ಮಿಸುವ ಪಾಶ್ಚಾತ್ಯ ಹಾರ್ಮನಿ ಪದ್ಧತಿಗೆ ನಮ್ಮ ಪರಂಪರೆಯಲ್ಲಿ ನೇರವಾದ ಸಮಾನಾಂತರವಿಲ್ಲ. ಆದರೂ ಹಲವು ಕಂಠಗಳು ಒಂದಾಗಿ ಹಾಡುವಾಗ ಏನೇನು ಕೂಡಿಬರಬೇಕು ಎಂಬ ಪ್ರಶ್ನೆ ಎರಡಕ್ಕೂ ಸಮಾನವಾದದ್ದು. ಸಮೂಹವನ್ನು ವ್ಯಕ್ತಿಗಳ ಮೊತ್ತವೆಂದು ತಿಳಿಯದೆ, ತನ್ನದೇ ಗುಣಗಳುಳ್ಳ ಘಟಕವೆಂದು ಪರಿಗಣಿಸಿರುವುದು ಶಾರ್ಙ್ಗದೇವನ ಪಟ್ಟಿಯ ಮಹತ್ವ. ಬೀಚ್ ಬಾಯ್ಸ್ ತಂಡದ ಕುರಿತ ವಿಮರ್ಶೆಯಲ್ಲಿ ಕೊರತೆಯಾಗಿರುವುದು ಈ ದೃಷ್ಟಿಯೇ ಆಗಿದೆ.

ಏಳಿಗೆಯ ಐದು ವರ್ಷಗಳು

ಲಾಸ್ ಏಂಜಲೀಸ್ ಬಳಿಯ ಹಾಥಾರ್ನ್ ಎಂಬ ಊರಿನ ಬ್ರಯಾನ್, ಡೆನಿಸ್ ಮತ್ತು ಕಾರ್ಲ್ ವಿಲ್ಸನ್ ಎಂಬ ಮೂವರು ಸಹೋದರರು, ಅವರ ಹತ್ತಿರದ ಸಂಬಂಧಿ ಮೈಕ್ ಲವ್ ಮತ್ತು ಸ್ನೇಹಿತ ಆಲ್ ಜಾರ್ಡೀನ್ ಕೂಡಿ 1961ರಲ್ಲಿ ಈ ತಂಡವನ್ನು ಕಟ್ಟಿದರು. ಸಹೋದರರ ತಂದೆ ಮರ್ರಿ ವಿಲ್ಸನ್ 1964ರವರೆಗೆ ಅದರ ವ್ಯವಸ್ಥಾಪಕರಾಗಿದ್ದರು. ಫೋರ್ ಫ್ರೆಶ್‌ಮೆನ್ ಎಂಬ ಜಾಸ್ ಗಾಯನ ತಂಡದ ಧ್ವನಿಮುದ್ರಿಕೆಗಳನ್ನು ಬ್ರಯಾನ್ ಮತ್ತೆ ಮತ್ತೆ ಕೇಳಿ, ಅವುಗಳಲ್ಲಿನ ಒಂದೊಂದು ಕಂಠದ ಎಳೆಯನ್ನೂ ಬಿಡಿಸಿ, ಮನೆಯವರಿಗೆ ಹೇಳಿಕೊಟ್ಟು ಹಾಡಿಸುತ್ತಿದ್ದನು. ಆತನ ಬಲಗಿವಿಗೆ ಶ್ರವಣಶಕ್ತಿ ಬಹುಮಟ್ಟಿಗೆ ಇರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಹೀಗೆ ತಂಡದ ಶಿಕ್ಷಣ ನಡೆದದ್ದು ಮನೆಯಲ್ಲಿ, ಅನುಕರಣೆಯ ಮೂಲಕ, ರಕ್ತಸಂಬಂಧದಿಂದ ಸಹಜವಾಗಿಯೇ ಹೋಲಿಕೆಯುಳ್ಳ ಕಂಠಗಳ ನಡುವೆ. ಶಾರ್ಙ್ಗದೇವನು ಹೇಳುವ ಕಂಠಸಾದೃಶ್ಯವು ಈ ತಂಡಕ್ಕೆ ಹುಟ್ಟಿನಿಂದಲೇ ಲಭಿಸಿತ್ತು. ಮಂದ್ರದಲ್ಲಿ ಮೈಕ್ ಲವ್, ತಾರದಲ್ಲಿ ಬ್ರಯಾನ್, ನಡುವೆ ಕಾರ್ಲ್, ಡೆನಿಸ್ ಮತ್ತು ಜಾರ್ಡೀನ್ ಎಂಬ ವಿನ್ಯಾಸದಿಂದ ಮೂರು ಸ್ಥಾಯಿಗಳ ವ್ಯಾಪ್ತಿಯೂ ಸಿದ್ಧಿಸಿತು. ಕರ್ನಾಟಕ ಸಂಗೀತದಲ್ಲಿ ಕಳ್ಳದನಿಯೆಂದು ದೋಷದ ಪಟ್ಟಿಗೆ ಸೇರುವ ಕಂಠಪ್ರಯೋಗವೇ ಬ್ರಯಾನನ ತಾರಸ್ಥಾಯಿಯಲ್ಲಿ ಭಾವವಾಹಿಯಾದ ಗುಣವಾಗಿ ಮಾರ್ಪಟ್ಟಿರುವುದನ್ನು ಸಂಗೀತಾಸಕ್ತರು ಗಮನಿಸಬೇಕು.

ಮೊದಲ ಸಿಂಗಲ್ ‘ಸರ್ಫಿನ್’ 1961ರ ಕೊನೆಯಲ್ಲಿ ಹೊರಬಂದಿತು. 1962ರಲ್ಲಿ ಕ್ಯಾಪಿಟಲ್ ಸಂಸ್ಥೆಯೊಡನೆ ಒಪ್ಪಂದವಾಯಿತು. ಕಡಲ ಅಲೆಯ ಮೇಲಿನ ಸವಾರಿ, ವೇಗದ ಕಾರುಗಳು, ಬೇಸಿಗೆ ರಜೆ, ಹದಿಹರೆಯದ ಗೆಳೆತನ ಇವೇ ಆ ಕಾಲದ ಹಾಡುಗಳ ವಸ್ತು. ತಂಡದಲ್ಲಿ ಅಲೆಯ ಸವಾರಿ ಬಲ್ಲವನು ಡೆನಿಸ್ ಒಬ್ಬನೇ. ಕ್ಯಾಲಿಫೋರ್ನಿಯಾದ ಕಡಲತೀರವೆಂಬುದು ಆರಂಭದಿಂದಲೂ ಈ ತಂಡಕ್ಕೆ ಅನುಭವಕ್ಕಿಂತ ಮಿಗಿಲಾಗಿ ಒಂದು ಕವಿಸಮಯವಾಗಿತ್ತೆಂದರೆ ತಪ್ಪಾಗಲಾರದು. 1964ರಲ್ಲಿ ‘ಐ ಗೆಟ್ ಅರೌಂಡ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. 1965ರಲ್ಲಿ ‘ಹೆಲ್ಪ್ ಮಿ, ರೋಂಡಾ’ ಅದೇ ಸ್ಥಾನಕ್ಕೇರಿತು. 1962ರಿಂದ 1965ರವರೆಗಿನ ನಾಲ್ಕು ವರ್ಷಗಳಲ್ಲಿ ತಂಡವು ಹತ್ತು ಸ್ಟುಡಿಯೊ ಆಲ್ಬಂಗಳನ್ನು ಹೊರತಂದಿತು. ಈ ಸಂಖ್ಯೆಯೇ ಆ ಉದ್ಯಮದ ಒತ್ತಡವನ್ನು ತಿಳಿಸುತ್ತದೆ. ಬಿಡಿ ಹಾಡಿನ ಯಶಸ್ಸೇ ಗುರಿಯಾಗಿದ್ದ ಆ ವ್ಯವಸ್ಥೆಯಲ್ಲಿ ಆಲ್ಬಂ ಎಂಬುದು ಬಹುಮಟ್ಟಿಗೆ ಬಿಡಿ ಹಾಡುಗಳ ಜೊತೆಗೆ ಸೇರಿಸಿದ ತುಂಬುಸಾಮಗ್ರಿಯಾಗಿತ್ತು.

1964ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ನಿಗೆ ಹೋಗುತ್ತಿದ್ದ ವಿಮಾನದಲ್ಲಿ ಬ್ರಯಾನ್ ತೀವ್ರ ಭೀತಿಯ ಆಘಾತಕ್ಕೆ ಒಳಗಾದನು. ಆ ಬಳಿಕ ಆತ ತಂಡದ ಪ್ರವಾಸಗಳಿಂದ ಹಿಂದೆ ಸರಿದು ರಚನೆ ಮತ್ತು ಧ್ವನಿಮುದ್ರಣಗಳಿಗೆ ತನ್ನನ್ನು ಮೀಸಲಾಗಿರಿಸಿಕೊಂಡನು. ವೇದಿಕೆಯಲ್ಲಿ ಆತನ ಸ್ಥಾನವನ್ನು ಮೊದಲು ಗ್ಲೆನ್ ಕ್ಯಾಂಪ್‌ಬೆಲ್, 1965ರಿಂದ ಬ್ರೂಸ್ ಜಾನ್‌ಸ್ಟನ್ ತುಂಬಿದರು. ಬ್ರಯಾನನ ಬಿಡುಗಡೆಯ ಕ್ಷಣವೆಂದೇ ಈ ಘಟನೆಯನ್ನು ಸಾಮಾನ್ಯವಾಗಿ ಬಣ್ಣಿಸಲಾಗುತ್ತದೆ. ಆದರೆ ಅದಕ್ಕೆ ಇನ್ನೊಂದು ಮುಖವಿದೆ. ಉಳಿದವರು ಊರೂರು ಸುತ್ತಿ ಹಳೆಯ ಹಾಡುಗಳನ್ನು ಹಾಡುತ್ತ ತಂಡದ ಹೆಸರನ್ನೂ ಆದಾಯವನ್ನೂ ಉಳಿಸಿದ್ದರಿಂದಲೇ ಒಬ್ಬನಿಗೆ ಸ್ಟುಡಿಯೊದ ಏಕಾಂತ ದೊರೆಯಿತು. ಒಬ್ಬನ ಗಾಯನ ಕಡಿದಾಗ ಮತ್ತೊಬ್ಬರು ತುಂಬಿಕೊಡುವ ವೃಂದಗುಣವು ಇಲ್ಲಿ ಹಾಡಿನ ಚೌಕಟ್ಟನ್ನು ದಾಟಿ ಬದುಕಿನ ನೆಲೆಯಲ್ಲಿಯೇ ಕೆಲಸ ಮಾಡಿದೆ. ‘ಪೆಟ್ ಸೌಂಡ್ಸ್’ ಸಾಧ್ಯವಾದದ್ದು ಈ ಕಾಣದ ಒಪ್ಪಂದದಿಂದ. ತಂಡದ ಏಳಿಗೆಗೂ ಬೆಳವಣಿಗೆಗೂ ಇರುವ ನಿಜವಾದ ಸಂಬಂಧವನ್ನು ಅರಸಬೇಕಾದದ್ದೂ ಇಲ್ಲಿಯೇ.

ಸ್ಟುಡಿಯೊ ಎಂಬ ವಾದ್ಯ

1965ರ ಡಿಸೆಂಬರ್‌ನಲ್ಲಿ ಹೊರಬಂದ ಬೀಟಲ್ಸ್ ತಂಡದ ‘ರಬ್ಬರ್ ಸೋಲ್’ ಆಲ್ಬಮ್ಮನ್ನು ಕೇಳಿದ ಬ್ರಯಾನನಿಗೆ, ತುಂಬುಸಾಮಗ್ರಿಯಿಲ್ಲದೆ ಆದ್ಯಂತ ಒಂದೇ ಮಟ್ಟವನ್ನು ಕಾಯ್ದುಕೊಳ್ಳುವ ಆಲ್ಬಂ ಸಾಧ್ಯವೆಂದು ಮನವರಿಕೆಯಾಯಿತು. ಜಾಹೀರಾತು ಕ್ಷೇತ್ರದಲ್ಲಿ ದುಡಿಯುತ್ತಿದ್ದ ಟೋನಿ ಆಶರ್ ಸಾಹಿತ್ಯರಚನೆಗೆ ಜೊತೆಯಾದರು. ಹದಿಮೂರು ರಚನೆಗಳಲ್ಲಿ ಎಂಟು ಇವರಿಬ್ಬರ ಸಹಯೋಗದಿಂದ ಮೂಡಿದವು. ಮಾತು ಮತ್ತು ಧಾತು ಎರಡನ್ನೂ ಒಬ್ಬನೇ ರಚಿಸುವ ವಾಗ್ಗೇಯಕಾರನ ಆದರ್ಶ ಇಲ್ಲಿ ಅನ್ವಯಿಸದು. ಬ್ರಯಾನ್ ಪ್ರಧಾನವಾಗಿ ಧಾತುಕಾರ, ಅದಕ್ಕೂ ಮಿಗಿಲಾಗಿ ನಾದದ ಸಂಯೋಜಕ.

1966ರ ಜನವರಿಯಲ್ಲಿ ಉಳಿದ ಸದಸ್ಯರು ಜಪಾನ್ ಪ್ರವಾಸದಲ್ಲಿದ್ದಾಗ ವಾದ್ಯಭಾಗಗಳ ಧ್ವನಿಮುದ್ರಣ ನಡೆಯಿತು. ಹಾಲಿವುಡ್ಡಿನ ವೆಸ್ಟರ್ನ್ ರೆಕಾರ್ಡರ್ಸ್, ಗೋಲ್ಡ್ ಸ್ಟಾರ್ ಮುಂತಾದ ಸ್ಟುಡಿಯೊಗಳಲ್ಲಿ ತಾಳವಾದ್ಯಗಾರ ಹ್ಯಾಲ್ ಬ್ಲೇನ್, ಬಾಸ್ ವಾದಕಿ ಕ್ಯಾರಲ್ ಕೇ ಮೊದಲಾದ ನುರಿತ ವಾದಕರನ್ನು ಒಂದೇ ಕೋಣೆಯಲ್ಲಿ ಕೂಡಿಸಿ ನುಡಿಸಲಾಯಿತು. ವಾದ್ಯಮೇಳವನ್ನು ಮೊದಲು ಮುದ್ರಿಸಿ, ಅದನ್ನು ಒಂದೇ ಪಥಕ್ಕೆ ಇಳಿಸಿ, ಉಳಿದ ಪಥಗಳನ್ನು ಕಂಠಗಳಿಗೆ ಮೀಸಲಿಡುವುದು ಅನುಸರಿಸಿದ ಕ್ರಮ. ಈ ಕ್ರಮಕ್ಕೆ ಕೇವಲ ತಾಂತ್ರಿಕ ಮಹತ್ವವಿದೆಯೆಂದು ತಿಳಿಯಬಾರದು. ವಾದ್ಯಭಾಗವನ್ನು ಒಂದು ಪಥದಲ್ಲಿ ಬಿಗಿದು, ಲಭ್ಯವಿದ್ದ ಅವಕಾಶವನ್ನೆಲ್ಲ ಕಂಠಗಳಿಗೆ ಬಿಟ್ಟುಕೊಟ್ಟಿರುವುದರಿಂದ ಕೃತಿಯ ಕೇಂದ್ರ ಯಾವುದೆಂಬುದು ಸ್ಪಷ್ಟವಾಗುತ್ತದೆ. ಪ್ರವಾಸ ಮುಗಿಸಿ ಬಂದ ಗಾಯಕರನ್ನು ಬ್ರಯಾನ್ ಮತ್ತೆ ಮತ್ತೆ ಹಾಡಿಸಿ ತಿದ್ದಿದನು. ಆಲ್ಬಂ ಏಕನಾದದಲ್ಲಿ, ಅಂದರೆ ಮೊನೊ ರೂಪದಲ್ಲಿ ಹೊರಬಂದಿತು. ಒಂದೇ ಕಿವಿಯಿಂದ ಕೇಳಬಲ್ಲವನು ರೂಪಿಸಿದ ನಾದಲೋಕಕ್ಕೆ ಅದು ಸಹಜವಾದ ರೂಪವೇ ಆಗಿತ್ತು.

ಬೈಸಿಕಲ್ಲಿನ ಗಂಟೆ ಮತ್ತು ಹಾರ್ನ್, ಕೋಕಾ ಕೋಲಾ ಡಬ್ಬಿಗಳು, ನೀರಿನ ದೊಡ್ಡ ಪ್ಲಾಸ್ಟಿಕ್ ಬಾಟಲಿ, ಜಾರುಬಂಡಿಯ ಗೆಜ್ಜೆ, ಹಾರ್ಪ್ಸಿಕಾರ್ಡ್, ಅಕಾರ್ಡಿಯನ್, ಫ್ರೆಂಚ್ ಹಾರ್ನ್ ಇವೆಲ್ಲ ಒಂದೇ ಆಲ್ಬಮ್ಮಿನಲ್ಲಿ ಸೇರಿವೆ. ಇವನ್ನು ಕೇವಲ ವೈಚಿತ್ರ್ಯವೆಂದು ತಳ್ಳಿಹಾಕುವಂತಿಲ್ಲ. ‘ಯೂ ಸ್ಟಿಲ್ ಬಿಲೀವ್ ಇನ್ ಮಿ’ ಹಾಡಿನ ಗಂಭೀರವಾದ ಕಂಠಮೇಳದ ಬೆನ್ನಿಗೇ ಕೇಳುವ ಬೈಸಿಕಲ್ ಗಂಟೆಯು, ಪ್ರೌಢ ಮಾತನ್ನಾಡುತ್ತಿರುವ ನಿರೂಪಕನೊಳಗೆ ಇನ್ನೂ ಉಳಿದಿರುವ ಬಾಲಕನನ್ನು ಧ್ವನಿಸುತ್ತದೆ. ವಾಚ್ಯದಲ್ಲಿ ಇಲ್ಲದ ಅರ್ಥ ವಾದ್ಯದಿಂದ ವ್ಯಂಗ್ಯವಾಗುತ್ತದೆ.

ನೆಲೆನಿಲ್ಲದ ಷಡ್ಜ

ಭಾರತೀಯ ಶ್ರೋತೃವಿಗೆ ಈ ಆಲ್ಬಮ್ಮಿನಲ್ಲಿ ಎದುರಾಗುವ ಮುಖ್ಯ ತೊಡಕೇ ಅದರ ಮುಖ್ಯ ಸಾಧನೆಯೂ ಆಗಿದೆ. ನಮ್ಮಲ್ಲಿ ಆಧಾರಷಡ್ಜ ಅಚಲ. ತಂಬೂರಿಯ ನಾದ ಕಚೇರಿಯ ಮೊದಲಿನಿಂದ ಕೊನೆಯವರೆಗೆ ನಿಂತಿರುತ್ತದೆ. ಎಲ್ಲ ಸಂಚಾರವೂ ಅಲ್ಲಿಂದ ಹೊರಟು ಅಲ್ಲಿಗೆ ಮರಳುತ್ತದೆ. ‘ಪೆಟ್ ಸೌಂಡ್ಸ್’ ಹಾಡುಗಳಲ್ಲಿ ಶ್ರುತಿಯ ನೆಲೆಯೇ ಸಂದಿಗ್ಧ. ಮೊದಲ ಹಾಡು ‘ವುಡಂಟ್ ಇಟ್ ಬಿ ನೈಸ್’ ಒಂದು ಶ್ರುತಿಯಲ್ಲಿ ಗಿಟಾರಿನ ಪೀಠಿಕೆ ನುಡಿಸಿ, ಕಂಠ ಆರಂಭವಾಗುತ್ತಿದ್ದಂತೆ ದೂರದ ಇನ್ನೊಂದು ಶ್ರುತಿಗೆ ಹಾರುತ್ತದೆ. ‘ಗಾಡ್ ಓನ್ಲಿ ನೋಸ್’ ಹಾಡಿನಲ್ಲಿ ಸ್ವರಗುಚ್ಛದ ಮೂಲಸ್ವರವನ್ನು ನುಡಿಸಬೇಕಾದ ಮಂದ್ರವಾದ್ಯವು ಬಹುತೇಕ ಬೇರೆ ಸ್ವರಗಳ ಮೇಲೆ ನಿಲ್ಲುತ್ತದೆ. ಆಧಾರ ಯಾವುದೆಂದು ಕೇಳುಗನ ಕಿವಿ ಹುಡುಕುತ್ತಲೇ ಇರುತ್ತದೆ. ಪ್ರೇಮದ ಶಾಶ್ವತತೆಯನ್ನು ಸಂದೇಹಿಸುವ ಮಾತಿನಿಂದಲೇ ಈ ಹಾಡು ಆರಂಭವಾಗುತ್ತದೆ. ನಲ್ಲೆಯಿಲ್ಲದೆ ತಾನು ಏನಾಗುವೆನೆಂಬುದು ನಿರೂಪಕನಿಗೆ ತಿಳಿಯದು. ನೆಲೆಯಿಲ್ಲದ ಮನಸ್ಸಿಗೆ ನೆಲೆಯಿಲ್ಲದ ಶ್ರುತಿ. ಮಾತು ಮತ್ತು ಧಾತುಗಳ ಇಂಥ ಔಚಿತ್ಯ ಆ ಕಾಲದ ಜನಪ್ರಿಯ ಗೀತೆಗಳಲ್ಲಿ ವಿರಳ.

ಈ ಹಾಡಿನ ಮುಖ್ಯ ಕಂಠವನ್ನು ಬ್ರಯಾನ್ ತಾನೇ ಇಟ್ಟುಕೊಳ್ಳದೆ ಹತ್ತೊಂಬತ್ತರ ಹರೆಯದ ತಮ್ಮ ಕಾರ್ಲನಿಗೆ ಒಪ್ಪಿಸಿದ್ದು ವಿಮರ್ಶೆಯ ದೃಷ್ಟಿಯಿಂದ ಮುಖ್ಯವಾದ ನಿರ್ಧಾರ. ಬ್ರಯಾನನ ಕಂಠ ಅಳಲನ್ನು ಎತ್ತಿ ತೋರುತ್ತದೆ. ಕಾರ್ಲನ ಕಂಠ ಅದನ್ನು ತಡೆದು ಹಿಡಿಯುತ್ತದೆ. ಹಾಡಿನ ಕೊನೆಯಲ್ಲಿ ಒಂದೇ ಸಾಲನ್ನು ಕಂಠಗಳು ಒಂದರ ಹಿಂದೊಂದು ಎತ್ತಿಕೊಂಡು ಸುತ್ತುತ್ತ, ಮುಕ್ತಾಯವನ್ನು ಮುಟ್ಟದೆಯೇ ಮರೆಯಾಗುತ್ತವೆ. ಒಬ್ಬನ ಖಾಸಗಿ ಭಯ ಹಲವರ ಮಾತಾಗುತ್ತದೆ. ಏಕಾಂಗಿತನವೇ ವಸ್ತುವಾದ ಆಲ್ಬಮ್ಮು ಅದನ್ನು ಒಡನಾಡಿಗಳ ಕಂಠಗಳಿಂದಲೇ ನುಡಿಸುತ್ತದೆ ಎಂಬ ವಿರೋಧಾಭಾಸದಲ್ಲಿ ಕೃತಿಯ ಜೀವವಿದೆ.

ಈ ದೃಷ್ಟಿಯಿಂದ ನೋಡಿದಾಗ ವೃಂದ ಇಲ್ಲದಿರುವ ಸ್ಥಳಗಳೂ ಅರ್ಥಪೂರ್ಣವಾಗುತ್ತವೆ. ‘ಡೋಂಟ್ ಟಾಕ್’ ಮತ್ತು ‘ಕ್ಯಾರೊಲಿನ್, ನೋ’ ಹಾಡುಗಳಲ್ಲಿ ಬ್ರಯಾನನ ಕಂಠವೊಂದೇ ಇದೆ; ಎರಡು ರಚನೆಗಳು ಕೇವಲ ವಾದ್ಯಸಂಗೀತ. ‘ಐ ಜಸ್ಟ್ ವಾಸಂಟ್ ಮೇಡ್ ಫಾರ್ ದೀಸ್ ಟೈಮ್ಸ್’ ಹಾಡಿನಲ್ಲಿ ಪಾಲ್ ಟ್ಯಾನರ್ ನುಡಿಸಿದ ಎಲೆಕ್ಟ್ರೊ ಥೆರಮಿನ್ ಮನುಷ್ಯಕಂಠವನ್ನು ಹೋಲುವ, ಆದರೆ ಕಂಠವಲ್ಲದ ನಾದವನ್ನು ತರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಮನೆ ತೊರೆದು ಹೋದ ಯುವಕ ತನ್ನನ್ನು ಅರಿತುಕೊಳ್ಳುವ ‘ದಟ್ಸ್ ನಾಟ್ ಮಿ’ ಹಾಡಿನ ವಾದ್ಯಭಾಗವನ್ನು ಬಹುಮಟ್ಟಿಗೆ ತಂಡದವರೇ ನುಡಿಸಿದ್ದಾರೆ. ವೃಂದದ ಇರವು ಮತ್ತು ಇಲ್ಲದಿರುವಿಕೆಗಳ ಈ ಏರಿಳಿತವೇ ಆಲ್ಬಮ್ಮಿಗೆ ಒಳಗಿನ ಕಟ್ಟಡವನ್ನು ಒದಗಿಸಿದೆ.

ಸಾಪೇಕ್ಷದಿಂದ ನಿರಪೇಕ್ಷಕ್ಕೆ

ಹಾಡುಗಳ ಕ್ರಮವನ್ನು ರಸದೃಷ್ಟಿಯಿಂದ ಪರಿಶೀಲಿಸಬಹುದು. ವಿಪ್ರಲಂಭಕ್ಕೂ ಕರುಣಕ್ಕೂ ಇರುವ ಭೇದವನ್ನು ಹೇಳುವಾಗ ಭರತನು ಮೊದಲನೆಯದನ್ನು ಸಾಪೇಕ್ಷವೆಂದೂ ಎರಡನೆಯದನ್ನು ನಿರಪೇಕ್ಷವೆಂದೂ ಗುರುತಿಸುತ್ತಾನೆ. ಕೂಡುವ ಆಸೆ ಉಳಿದಿರುವವರೆಗೆ ವಿಪ್ರಲಂಭ. ಆಸೆ ಅಳಿದ ಮೇಲೆ ಕರುಣ. ವಿಪ್ರಲಂಭದ ಪ್ರಭೇದಗಳಲ್ಲಿ ಮಮ್ಮಟನು ಅಭಿಲಾಷವನ್ನೂ ಸೇರಿಸಿದ್ದಾನೆ. ಬೇಗ ದೊಡ್ಡವರಾಗಿ ಒಟ್ಟಿಗೆ ಬಾಳುವ ಕನಸು ಕಾಣುವ ಎಳೆಯ ಜೋಡಿಯ ಮೊದಲ ಹಾಡು ಈ ಅಭಿಲಾಷದ ಶುದ್ಧ ಉದಾಹರಣೆ. ನಡುವಿನ ಹಾಡುಗಳಲ್ಲಿ ಚಿಂತೆ, ಶಂಕೆ, ದೈನ್ಯ, ನಿರ್ವೇದಗಳು ಸಂಚರಿಸುತ್ತವೆ. ಕೊನೆಯ ‘ಕ್ಯಾರೊಲಿನ್, ನೋ’ ಹಾಡಿನಲ್ಲಿ ನಾಯಿಕೆ ದೂರ ಹೋಗಿಲ್ಲ, ತೀರಿಕೊಂಡೂ ಇಲ್ಲ, ಬದಲಾಗಿದ್ದಾಳೆ. ಕಳೆದುಹೋದದ್ದು ವ್ಯಕ್ತಿಯಲ್ಲ, ಕಾಲ. ಕಾಲವನ್ನು ಮರಳಿ ಕೂಡುವಂತಿಲ್ಲವಾದ್ದರಿಂದ ಇಲ್ಲಿ ಅಪೇಕ್ಷೆ ಸಂಪೂರ್ಣವಾಗಿ ಅಳಿದು ಕರುಣದ ಗಡಿ ದಾಟಲಾಗಿದೆ. ಕಂಠ ನಿಂತ ಮೇಲೆ ಸಾಗಿಹೋಗುವ ರೈಲಿನ ಸದ್ದು ಮತ್ತು ಬ್ರಯಾನನ ನಾಯಿಗಳ ಬೊಗಳುವಿಕೆ ಮಾತ್ರ ಉಳಿಯುತ್ತವೆ. ಮೊದಲ ಹಾಡಿನಲ್ಲಿ ದೊಡ್ಡವರಾಗುವುದು ವರವಾಗಿತ್ತು. ಕೊನೆಯ ಹಾಡಿನಲ್ಲಿ ಅದೇ ಶಾಪವಾಗಿದೆ. ಬೇಸಿಗೆಯ ಹಾಡುಗಳಿಂದ ಹೆಸರು ಮಾಡಿದ ತಂಡವು ತನ್ನ ಬೇಸಿಗೆ ಮುಗಿಯಿತೆಂದು ತಾನೇ ಹೇಳಿಕೊಂಡ ಕೃತಿ ಇದು.

ಮಿತಿಗಳು

ಇಷ್ಟು ಹೇಳಿದ ಮೇಲೆ ಕೃತಿಯ ಮಿತಿಗಳನ್ನೂ ಗುರುತಿಸಬೇಕು. ಬಹಾಮಾ ದ್ವೀಪಗಳ ಜನಪದ ಮೂಲದ ‘ಸ್ಲೂಪ್ ಜಾನ್ ಬಿ’ ಹಾಡು ಜಾರ್ಡೀನ್ ಸೂಚನೆಯ ಮೇರೆಗೆ ತಂಡಕ್ಕೆ ಬಂದದ್ದು. ಅದರ ವಾದ್ಯಭಾಗ 1965ರ ಜುಲೈನಲ್ಲಿಯೇ ಮುದ್ರಿತವಾಗಿತ್ತು. ಮನೆಗೆ ಮರಳುವ ಹಂಬಲ ಅದರಲ್ಲಿಯೂ ಇದೆಯಾದರೂ ಅದರ ಹುರುಪು ಆಲ್ಬಮ್ಮಿನ ಭಾವಪ್ರವಾಹಕ್ಕೆ ಪೂರ್ತಿಯಾಗಿ ಬೆಸೆದುಕೊಳ್ಳುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಹೆಣ್ಣಿನ ಚಿತ್ರಣದ ಪ್ರಶ್ನೆ. ಇಡೀ ಆಲ್ಬಮ್ಮಿನಲ್ಲಿ ಆಕೆಗೆ ಸ್ವಂತ ದನಿಯಿಲ್ಲ. ಆಕೆ ಗಂಡಿನ ತಳಮಳಗಳನ್ನು ಕೇಳಿಸಿಕೊಳ್ಳುವವಳು. ‘ದಟ್ಸ್ ನಾಟ್ ಮಿ’ ಹಾಡಿನಲ್ಲಿ ಗಂಡಿನ ಬದಲಾವಣೆ ಆತ್ಮಜ್ಞಾನವೆನಿಸಿದರೆ, ಕ್ಯಾರೊಲಿನ್ ತನ್ನ ನೀಳಕೂದಲನ್ನು ಕಳೆದುಕೊಂಡದ್ದು ನಷ್ಟವೆನಿಸುತ್ತದೆ. ಈ ಅಸಮತೆಯನ್ನು ಸಂಗೀತದ ಸೌಂದರ್ಯ ಮರೆಸುತ್ತದೆಯೇ ಹೊರತು ಪರಿಹರಿಸುವುದಿಲ್ಲ. ವಾದಕರ ಸ್ಥಿತಿಯೂ ಇಂಥದೇ. ಈ ನಾದವನ್ನು ಕೈಯಾರೆ ನುಡಿಸಿದ ವಾದಕರ ಹೆಸರುಗಳು ಮೂಲ ಎಲ್.ಪಿ. ಹೊದಿಕೆಯಲ್ಲಿ ಇರಲಿಲ್ಲ. ವೃಂದದ ಗುಣಗಾನ ಮಾಡುವ ವಿಮರ್ಶೆ ಈ ಅನಾಮಿಕರನ್ನೂ ವೃಂದದಲ್ಲಿ ಎಣಿಸಬೇಕಾಗುತ್ತದೆ.

ಮೈಕ್ ಲವ್ ಕುರಿತು ರೂಢವಾಗಿರುವ ಚಿತ್ರಣವನ್ನೂ ಮರುಪರಿಶೀಲಿಸಬೇಕಾಗಿದೆ. ‘ಹ್ಯಾಂಗ್ ಆನ್ ಟು ಯುವರ್ ಈಗೊ’ ಎಂಬ ಹಾಡಿಗೆ ಆತ ತಕರಾರು ತೆಗೆದುದರಿಂದ ಅದು ‘ಐ ನೋ ದೇರ್ಸ್ ಆ್ಯನ್ ಆನ್ಸರ್’ ಎಂದು ಬದಲಾಯಿತು. ಇದನ್ನು ಕಲೆಯ ಮೇಲಿನ ದಾಳಿಯೆಂದು ಬಣ್ಣಿಸುವವರಿದ್ದಾರೆ. ಆದರೆ ‘ಹಿಯರ್ ಟುಡೇ’ ಮತ್ತು ‘ದಟ್ಸ್ ನಾಟ್ ಮಿ’ ಹಾಡುಗಳ ಮುಖ್ಯ ಕಂಠ ಆತನದೇ. ಹಲವು ಹಾಡುಗಳ ಸಾಹಿತ್ಯದಲ್ಲಿ ಆತನ ಪಾಲನ್ನು 1994ರಲ್ಲಿ ನ್ಯಾಯಾಲಯ ಮಾನ್ಯಮಾಡಿತು. ಮುಖ್ಯ ಗಾಯಕನನ್ನು ಅನುಸರಿಸುವುದು ವೃಂದದ ಮೊದಲ ಗುಣವಾದರೂ, ಅನುಸರಿಸುವವನಿಗೂ ಒಂದು ಅಭಿಪ್ರಾಯವಿರುತ್ತದೆ ಎಂಬುದನ್ನು ಪ್ರತಿಭಾಕೇಂದ್ರಿತ ವಿಮರ್ಶೆ ಮರೆಯುತ್ತದೆ.

ನಂತರದ ದಾರಿ

ಬಿಡುಗಡೆಯಾದಾಗ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಹತ್ತನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ಇದು ಸೋಲಲ್ಲ, ಆದರೆ ತಂಡದ ಹಿಂದಿನ ಓಟಕ್ಕೆ ಹೋಲಿಸಿದರೆ ಹಿನ್ನಡೆಯಂತೆ ತೋರಿತು. ಎರಡೇ ತಿಂಗಳಲ್ಲಿ ಕ್ಯಾಪಿಟಲ್ ಸಂಸ್ಥೆ ಹಳೆಯ ಜನಪ್ರಿಯ ಹಾಡುಗಳ ಸಂಕಲನವೊಂದನ್ನು ಮಾರುಕಟ್ಟೆಗೆ ತಂದಿತು. ಬೆಳೆದ ತಂಡದ ಎದುರಿಗೆ ಅದರದೇ ಹಳೆಯ ರೂಪ ಪ್ರತಿಸ್ಪರ್ಧಿಯಾಗಿ ನಿಂತಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ‘ಗುಡ್ ವೈಬ್ರೇಷನ್ಸ್’ ಸಿಂಗಲ್ ಮೊದಲ ಸ್ಥಾನ ಪಡೆದು, ಪ್ರಯೋಗ ಮತ್ತು ಜನಪ್ರಿಯತೆಗಳು ಕೂಡಿಹೋಗಬಲ್ಲವೆಂದು ತೋರಿಸಿತು. ಆದರೆ ಮುಂದಿನ ಮಹತ್ವಾಕಾಂಕ್ಷೆಯ ‘ಸ್ಮೈಲ್’ ಯೋಜನೆಯನ್ನು 1967ರಲ್ಲಿ ಕೈಬಿಡಲಾಯಿತು. ಬ್ರಯಾನ್ ಅದನ್ನು ಹೊಸದಾಗಿ ಮುಗಿಸಿ ತನ್ನ ಹೆಸರಿನಲ್ಲಿ ಹೊರತಂದದ್ದು 2004ರಲ್ಲಿ. ಅದೇ ವರ್ಷ ‘ಪೆಟ್ ಸೌಂಡ್ಸ್’ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿತು. ಡೆನಿಸ್ 1983ರಲ್ಲಿ, ಕಾರ್ಲ್ 1998ರಲ್ಲಿ, ಬ್ರಯಾನ್ 2025ರ ಜೂನ್ 11ರಂದು ನಿಧನರಾದರು. ಮೂವರು ಸಹೋದರರೂ ಈಗ ಇಲ್ಲ.

1997ರಲ್ಲಿ ಈ ಆಲ್ಬಮ್ಮಿನ ಧ್ವನಿಮುದ್ರಣ ಸಾಮಗ್ರಿಯನ್ನು ಸಂಪುಟ ರೂಪದಲ್ಲಿ ಪ್ರಕಟಿಸಿದಾಗ, ವಾದ್ಯಗಳನ್ನು ತೆಗೆದು ಕಂಠಗಳನ್ನಷ್ಟೇ ಉಳಿಸಿದ ಆವೃತ್ತಿಗಳೂ ಅದರಲ್ಲಿದ್ದವು. ಸಂಶೋಧಕರಿಗೆ ಇದಕ್ಕಿಂತ ಬೆಲೆಯುಳ್ಳ ಆಕರವಿಲ್ಲ. ವಾದ್ಯಗಳ ಆಸರೆ ಇಲ್ಲದೆಯೂ ಸ್ವರಗುಚ್ಛಗಳು ಪೂರ್ಣವಾಗಿ ನಿಲ್ಲುತ್ತವೆ; ಉಸಿರು ಎಳೆದುಕೊಳ್ಳುವ ಸದ್ದು, ಒಂದು ಕಂಠ ಇಳಿಯುವಾಗ ಇನ್ನೊಂದು ಅದನ್ನು ಹಿಡಿಯುವ ಎಚ್ಚರ ಅಲ್ಲಿ ನಿಚ್ಚಳವಾಗಿ ಕೇಳಿಸುತ್ತವೆ. ಏಕಾಂಗಿ ಪ್ರತಿಭೆಯ ಕಥೆಯನ್ನು ಈ ಆವೃತ್ತಿಗಳು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ, ಯೋಜನೆ ಒಬ್ಬನದೇ. ಆದರೆ ಆ ಯೋಜನೆಗೆ ಪ್ರಾಣ ಬಂದದ್ದು ಬಾಲ್ಯದಿಂದ ಒಂದೇ ಮನೆಯಲ್ಲಿ ಹಾಡಿ ಪಳಗಿದ ಕಂಠಗಳಿಂದ. ತಂಡವೊಂದರ ಬೆಳವಣಿಗೆಯನ್ನು ಅಳೆಯಬೇಕಾದರೆ ಅದರ ನಾಯಕ ಎಷ್ಟು ಮುಂದೆ ನಡೆದನೆಂದು ಕೇಳಿದರೆ ಸಾಲದು. ಅವನನ್ನು ಹಿಂಬಾಲಿಸಿದವರು ಯಾವ ಬೆಲೆ ತೆತ್ತು ಎಷ್ಟು ದೂರ ಜೊತೆಗಿದ್ದರೆಂದೂ ಕೇಳಬೇಕು. ‘ಪೆಟ್ ಸೌಂಡ್ಸ್’ ಈ ಎರಡನೆಯ ಪ್ರಶ್ನೆಗೂ ಉತ್ತರವನ್ನು ತನ್ನ ನಾದದಲ್ಲಿಯೇ ಕಾಯ್ದಿಟ್ಟುಕೊಂಡಿದೆ.